ಬಾಯಿಯಿಂದಲೋ, ಹೆಕ್ಕತ್ತಿನಿಂದಲೋ? ತಲೆಬುರುಡೆ ಮತ್ತು ಕತ್ತು ಕೂಡುವ ಜಾಗದ ಆಪರೇಷನ್

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ವರ್ಷದ ಮೇಲಾಯಿತು, ಎರಡೂ ಕೈ ಜೋಮು ಹಿಡಿಯುತ್ತದೆ. ಅಂಗಿ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಾನೆ. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವನಿಗೆ ಗೊತ್ತಾಗುವುದಿಲ್ಲ. ಸ್ಪಾಂಡಿಲೋಸಿಸ್ ಅಂತ ತಿಂಗಳುಗಟ್ಟಲೆ ಬೆಲ್ಟು, ಮಾತ್ರೆ ಆಯಿತು. ಈಗ ಸಿ.ಟಿ., ಎಂ.ಆರ್.ಐ. ಮಾಡಿಸಿದಾಗ ‘ಅಸಿಮಿಲೇಟೆಡ್ ಅಟ್ಲಾಸ್, ಅಟ್ಲಾಂಟೋ-ಆಕ್ಸಿಯಲ್ ಡಿಸ್‌ಲೊಕೇಷನ್, ಬೇಸಿಲಾರ್ ಇನ್‌ವ್ಯಾಜಿನೇಷನ್’ ಎಂದು ಬರೆದುಕೊಟ್ಟಿದ್ದಾರೆ. ಹಿಂದಿನಿಂದ ಸ್ಕ್ರೂ ಹಾಕಬೇಕು ಅಂತ ಡಾಕ್ಟರು ಹೇಳಿದರು. ನಮ್ಮ ಸಂಬಂಧಿಕರೊಬ್ಬರಿಗೆ ಇದೇ ಕಾಯಿಲೆಗೆ ಬಹಳ ವರ್ಷದ ಹಿಂದೆ ಬಾಯೊಳಗಿಂದ ಮೂಳೆ ತೆಗೆದಿದ್ದರು. ಒತ್ತುತ್ತಿರುವ ಮೂಳೆ ಮುಂದಿದ್ದರೆ ಹಿಂದಿನಿಂದ ಯಾಕೆ ಹೋಗಬೇಕು? ಆಂಜಿಯೋಗ್ರಾಂ ಬೇರೆ ಬರೆದಿದ್ದಾರೆ, ಅದು ಹೃದಯಕ್ಕೆ ಅಲ್ವಾ? ಆಪರೇಷನ್ ಆದ ಮೇಲೆ ಕತ್ತು ತಿರುಗುತ್ತದಾ? ಸ್ವಲ್ಪ ದಿನ ಕಾದು ನೋಡಬಹುದಾ?

ಉತ್ತರ: ಸ್ಕ್ಯಾನ್ ನೋಡದೆ ಬರೆಯುತ್ತಿದ್ದೇನೆ, ಅದು ನೆನಪಿರಲಿ. ಆದರೆ ನೀವು ಬರೆದ ಮೂರು ಪದ ಮತ್ತು ಆ ಚಪ್ಪಲಿಯ ವಿಷಯ, ಇಷ್ಟರಿಂದಲೇ ಬಹಳಷ್ಟು ಹೇಳಬಹುದು.

ಮೊದಲು ಚಿಕ್ಕ ಉತ್ತರ. ಈ ಕಾಯಿಲೆಗೆ ಇವತ್ತು ಹೆಚ್ಚಿನವರಿಗೆ ಹಿಂದಿನಿಂದಲೇ ಆಪರೇಷನ್ ಮಾಡುತ್ತೇವೆ. ಒತ್ತುತ್ತಿರುವ ಮೂಳೆ ಮುಂದಿದೆ, ನಿಜ. ಆದರೆ ಆ ಮೂಳೆಯನ್ನು ಅದರ ಜಾಗದಿಂದ ಹೊರಡಿಸಿದ್ದು ಪಕ್ಕದ ಎರಡು ಕೀಲುಗಳು. ಕೀಲನ್ನು ಸರಿಪಡಿಸಿದರೆ ಮೂಳೆ ಹೆಚ್ಚಿನ ಸಲ ವಾಪಸು ಜಾಗಕ್ಕೆ ಬರುತ್ತದೆ, ಅದನ್ನು ಕಡಿದು ತೆಗೆಯಬೇಕಾಗಿಲ್ಲ. ಆ ಕೀಲುಗಳಿಗೆ ಕೈ ಸರಿಯಾಗಿ ಸಿಗುವುದು ಹಿಂದಿನಿಂದ. ಮೆದುಳಿಗೆ ರಕ್ತ ಒಯ್ಯುವ ಒಂದು ನಾಳವೂ ಅಲ್ಲೇ ಓಡುತ್ತದೆ. ಆಂಜಿಯೋಗ್ರಾಂ ಬರೆದಿರುವುದು ಅದನ್ನು ನೋಡುವುದಕ್ಕೆ, ಹೃದಯಕ್ಕಲ್ಲ.

ಈಗ ವಿವರ. ಆಪರೇಷನ್ನಿನ ಪೂರ್ತಿ ಲೆಕ್ಕಾಚಾರ ಈ ಜಾಗದ ರಚನೆಯಲ್ಲೇ ಇದೆ. ಹಾಗಾಗಿ ಮೊದಲು ಅಲ್ಲಿ ಏನೇನಿದೆ ಅಂತ ನೋಡೋಣ.

ನಿಮ್ಮ ತಲೆಯ ಹಿಂಭಾಗದಲ್ಲಿ ಬೆರಳಿಟ್ಟು ನಡುಮಧ್ಯದಲ್ಲಿ ಕೆಳಗೆ ಇಳಿಸಿಕೊಂಡು ಬನ್ನಿ. ಮೊದಲು ತಲೆಬುರುಡೆಯ ಒಂದು ಉಬ್ಬು ಸಿಗುತ್ತದೆ. ಅದರ ಕೆಳಗೆ ಹೆಕ್ಕತ್ತಿನ ಮೆತ್ತಗಿನ ಗುಳಿ. ಇನ್ನೂ ಇಳಿದರೆ ಗಟ್ಟಿಯಾಗಿ ಒಂದು ಮೂಳೆ ತಾಕುತ್ತದೆ. ಅದೇ ಕತ್ತಿನ ಮೊದಲ ಮೂಳೆ ಅಂದುಕೊಂಡರೆ ತಪ್ಪು, ಅದು ಎರಡನೆಯದು. ಮೊದಲನೆಯದು ಆ ಗುಳಿಯ ಆಳದಲ್ಲಿ ಅಡಗಿದೆ. ಅದಕ್ಕೆ ಹಿಂದಕ್ಕೆ ಚಾಚಿದ ಮುಳ್ಳು ಇಲ್ಲ, ಅದಕ್ಕೇ ಬೆರಳಿಗೆ ಸಿಗುವುದಿಲ್ಲ.

ಮೊದಲನೆಯ ಮೂಳೆಗೆ ಅಟ್ಲಾಸ್ ಅಥವಾ ಸಿ1 ಅನ್ನುತ್ತೇವೆ. ಎರಡನೆಯದು ಆಕ್ಸಿಸ್, ಸಿ2. ಸಿ1 ಬರೀ ಒಂದು ಬಳೆ. ಉಳಿದ ಬೆನ್ನುಮೂಳೆಗಳಿಗೆಲ್ಲ ಮುಂಭಾಗದಲ್ಲಿ ಡಬ್ಬಿಯಾಕಾರದ ದಪ್ಪ ಒಡಲು ಇರುತ್ತದೆ, ಇದಕ್ಕೆ ಇಲ್ಲ. ಗರ್ಭದಲ್ಲಿ ಮೂಳೆಗಳು ರೂಪುಗೊಳ್ಳುವಾಗ ಸಿ1ರ ಒಡಲು ಅದರಿಂದ ಬೇರ್ಪಟ್ಟು ಕೆಳಗಿನ ಸಿ2ಗೆ ಅಂಟಿಕೊಂಡುಬಿಡುತ್ತದೆ. ಸಿ2ರ ಮೇಲೆ ನೆಟ್ಟಗೆ ನಿಂತಿರುವ ಆ ಗೂಟವೇ ಓಡಾಂಟಾಯ್ಡ್. ರಾಗಿ ಬೀಸುವ ಕಲ್ಲು ನೋಡಿರುತ್ತೀರಿ. ಕೆಳಗಿನ ಕಲ್ಲಿನ ನಡುವೆ ಒಂದು ಗೂಟ, ಅದರ ಸುತ್ತ ಮೇಲಿನ ಕಲ್ಲು ತಿರುಗುತ್ತದೆ. ಸಿ1 ತನ್ನ ಮೇಲೆ ತಲೆಯನ್ನು ಹೊತ್ತುಕೊಂಡು ಸಿ2ರ ಗೂಟದ ಸುತ್ತ ತಿರುಗುವುದು ಹೀಗೇ. ವ್ಯತ್ಯಾಸ ಇಷ್ಟೇ: ಗೂಟ ಬಳೆಯ ನಡುವಿನಲ್ಲಿಲ್ಲ, ಮುಂದಿನ ಅಂಚಿಗೆ ಒರಗಿದೆ. ಉಳಿದ ಹಿಂದಿನ ಜಾಗದಲ್ಲಿ ಬೆನ್ನುಹುರಿ ಇಳಿಯುತ್ತದೆ.

ಬಳೆಯ ಎರಡು ಪಕ್ಕಗಳಲ್ಲಿ ಮಾತ್ರ ಮೂಳೆ ದಪ್ಪಗಿದೆ. ಆ ದಪ್ಪ ಭಾಗಗಳಿಗೆ ಲ್ಯಾಟರಲ್ ಮಾಸ್ ಎಂದು ಹೆಸರು. ಈ ಪದ ಮರೆಯಬೇಡಿ, ಮುಂದೆ ಸ್ಕ್ರೂ ಕೂರುವುದು ಅಲ್ಲೇ. ಅವುಗಳ ಮೇಲೆ ತಲೆಬುರುಡೆ ಕೂತಿದೆ, ಕೆಳಗೆ ಸಿ2 ಇದೆ. ಮೇಲಿನ ಕೀಲಿನಲ್ಲಿ ತಲೆ ಹೌದು ಅಂತ ಆಡುತ್ತದೆ. ಕೆಳಗಿನ ಕೀಲಿನಲ್ಲಿ ಇಲ್ಲ ಅಂತ ತಿರುಗುತ್ತದೆ. ಒಂದೊಂದು ಪಕ್ಕಕ್ಕೂ ಸುಮಾರು 40 ಡಿಗ್ರಿ ತಿರುಗುವಿಕೆ ಈ ಸಿ1-ಸಿ2 ಕೀಲೊಂದರಿಂದಲೇ ಬರುತ್ತದೆ. ಇಡೀ ಕತ್ತಿನ ತಿರುಗುವಿಕೆಯಲ್ಲಿ ಹತ್ತಿರ ಹತ್ತಿರ ಅರ್ಧ.

ಇಷ್ಟು ತಿರುಗಬೇಕಾದರೆ ಮೂಳೆಗೆ ಮೂಳೆ ಕಚ್ಚಿಕೊಂಡಿರುವಂತಿಲ್ಲ. ಕೀಲಿನ ಮುಖಗಳು ಚಪ್ಪಟೆ. ನಡುವೆ ಡಿಸ್ಕ್ ಕೂಡ ಇಲ್ಲ. ನಾಲ್ಕೈದು ಕಿಲೋ ತೂಕದ ತಲೆ ಇಲ್ಲಿ ಜಾರದೆ ನಿಂತಿರುವುದು ಮುಖ್ಯವಾಗಿ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಲಿಗಮೆಂಟುಗಳ ದಯೆಯಿಂದ. ಅದರಲ್ಲೂ ಟ್ರಾನ್ಸ್‌ವರ್ಸ್ ಲಿಗಮೆಂಟ್ ಅನ್ನುವ ದಪ್ಪ ಪಟ್ಟಿ ಗೂಟದ ಹಿಂದಿನಿಂದ ಅಡ್ಡ ಹಾದು, ಅದನ್ನು ಬಳೆಯ ಮುಂಭಾಗಕ್ಕೆ ಒತ್ತಿ ಹಿಡಿದಿರುತ್ತದೆ. ದೊಡ್ಡವರಲ್ಲಿ ಗೂಟಕ್ಕೂ ಬಳೆಗೂ ನಡುವೆ 3 ಮಿ.ಮೀ. ದಾಟಿದ ಸಂದು ಕಂಡರೆ ನಾವು ಎಚ್ಚರವಾಗುತ್ತೇವೆ. ಮಕ್ಕಳಲ್ಲಿ 5 ಮಿ.ಮೀ.ವರೆಗೆ ಸರಿ.

ಬಳೆಯ ಒಳಗಿನ ಜಾಗದ ಬಗ್ಗೆ ಸ್ಟೀಲ್ ಎಂಬ ವೈದ್ಯರು 1968ರಲ್ಲಿ ಹೇಳಿದ ಸುಲಭದ ಲೆಕ್ಕ ಇದೆ. ಮೂರರಲ್ಲಿ ಒಂದು ಪಾಲು ಗೂಟಕ್ಕೆ, ಒಂದು ಪಾಲು ಬೆನ್ನುಹುರಿಗೆ, ಒಂದು ಪಾಲು ಖಾಲಿ. ಒಂದೊಂದು ಪಾಲೂ ಸುಮಾರು ಒಂದು ಸೆಂಟಿಮೀಟರ್. ಆ ಖಾಲಿ ಪಾಲು ಇರುವುದರಿಂದಲೇ ಗೂಟ ಸ್ವಲ್ಪ ಸರಿದರೂ ತಕ್ಷಣ ಏನೂ ಆಗುವುದಿಲ್ಲ. ಅದರಿಂದ ಒಂದು ತೊಂದರೆಯೂ ಇದೆ. ಲಕ್ಷಣ ಶುರುವಾಯಿತು ಅಂದರೆ ಆ ಖಾಲಿ ಜಾಗ ಬಹುಪಾಲು ಮುಗಿದಿದೆ ಎಂದು ಅರ್ಥ. ‘ಕಾದು ನೋಡಬಹುದಾ’ ಎಂದು ಕೇಳಿದಿರಿ. ನನ್ನ ಉತ್ತರದ ಅರ್ಧ ಇಲ್ಲೇ ಇದೆ.

ಇನ್ನು ನಿಮ್ಮ ತಮ್ಮನ ರಿಪೋರ್ಟಿಗೆ ಬರೋಣ. ಅಸಿಮಿಲೇಟೆಡ್ ಅಟ್ಲಾಸ್ ಅಂದರೆ ಹುಟ್ಟಿನಿಂದಲೇ ಸಿ1 ತಲೆಬುರುಡೆಗೆ ಬೆಸೆದುಕೊಂಡಿದೆ. ಮೇಲಿನ ಕೀಲು ಇಲ್ಲ. ತಲೆ ಆಡಿಸುವ ಕೆಲಸವೂ ಕೆಳಗಿನ ಸಿ1-ಸಿ2 ಕೀಲಿನ ತಲೆಗೇ ಬಂತು. ಇಂಥವರಲ್ಲಿ ಆ ಕೀಲಿನ ಮುಖಗಳು ಸಾಮಾನ್ಯವಾಗಿ ಚಪ್ಪಟೆಯಾಗಿರದೆ ಮುಂದಕ್ಕೆ ಇಳಿಜಾರಾಗಿರುತ್ತವೆ. ಇಪ್ಪತ್ತು ಮೂವತ್ತು ವರ್ಷ ಹೇಗೋ ತಡೆದುಕೊಂಡ ಲಿಗಮೆಂಟು ಕೊನೆಗೆ ಸಡಿಲವಾಗುತ್ತದೆ. ತಲೆಬುರುಡೆ ಸಿ1ರ ಸಮೇತ ಮುಂದಕ್ಕೂ ಕೆಳಕ್ಕೂ ಜಾರುತ್ತದೆ. ಇದು ಡಿಸ್‌ಲೊಕೇಷನ್. ತಲೆ ಕೆಳಗೆ ಜಾರಿತು ಅಂದರೆ ಗೂಟ ಮೇಲೆ ಏರಿತು ಅಂತಲೇ ಅಲ್ವಾ? ತಲೆಬುರುಡೆಯ ತಳದಲ್ಲಿ ಫೊರಾಮೆನ್ ಮ್ಯಾಗ್ನಮ್ ಎಂಬ ದೊಡ್ಡ ತೂತಿದೆ, ಉದ್ದ ಸುಮಾರು 35 ಮಿ.ಮೀ., ಅಗಲ 30. ಗೂಟದ ತುದಿ ಅದರೊಳಗೆ ನುಗ್ಗುತ್ತದೆ. ಇದು ಬೇಸಿಲಾರ್ ಇನ್‌ವ್ಯಾಜಿನೇಷನ್. ಇದನ್ನು ಅಳೆಯಲು ಚೇಂಬರ್ಲೇನ್ 1939ರಲ್ಲಿ ಹೇಳಿಕೊಟ್ಟ ಗೆರೆಯನ್ನೇ ಇವತ್ತಿಗೂ ಎಳೆಯುತ್ತೇವೆ: ಗಟ್ಟಿ ಅಂಗುಳಿನ ಹಿಂದಿನ ತುದಿಯಿಂದ ಆ ತೂತಿನ ಹಿಂದಿನ ಅಂಚಿಗೆ. ಗೂಟ ಈ ಗೆರೆಯನ್ನು ಸುಮಾರು 5 ಮಿ.ಮೀ.ಗಿಂತ ಜಾಸ್ತಿ ದಾಟಿದರೆ ಕಾಯಿಲೆ ಎಂದು ಲೆಕ್ಕ.

ಹೀಗೆ ಏರಿದ ಗೂಟ ಒತ್ತುವುದು ಮೆದುಳಿನ ಕಾಂಡ ಮುಗಿದು ಬೆನ್ನುಹುರಿ ಶುರುವಾಗುವ ಜಾಗವನ್ನು. ಕೈಕಾಲಿಗೆ ಹೋಗುವ, ಅಲ್ಲಿಂದ ಬರುವ ಎಲ್ಲ ದಾರಿಯೂ ಅಲ್ಲೇ ಹಾಯುತ್ತದೆ. ಉಸಿರಾಟದ ಆದೇಶ ಕೆಳಗಿಳಿಯುವುದೂ ಅಲ್ಲಿಂದಲೇ. ಕಾಲು ಎಲ್ಲಿದೆ, ಅದಕ್ಕೆ ಏನು ತಾಕಿದೆ ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ತಲುಪದಿದ್ದರೆ ಚಪ್ಪಲಿ ಕಳಚಿದ್ದು ಗೊತ್ತಾಗುವುದಿಲ್ಲ. ಹೊರರೋಗಿ ವಿಭಾಗದಲ್ಲಿ ಕೈ ಜೋಮು ಅಂತ ಬಂದವರನ್ನೆಲ್ಲ ನಾವು ಕೇಳುವ ಪ್ರಶ್ನೆ ಇದು: ‘ಚಪ್ಪಲಿ ಗೊತ್ತಿಲ್ಲದೆ ಜಾರುತ್ತಾ?’ ಹೌದು ಅಂದರೆ ಬೆನ್ನುಹುರಿಯನ್ನು ಹುಡುಕಬೇಕು, ಕೈಯ ನರವನ್ನಲ್ಲ. ಕತ್ತು ಗಿಡ್ಡ, ಹಿಂದೆ ಕೂದಲು ತೀರಾ ಕೆಳಗಿನವರೆಗೂ ಬೆಳೆದಿರುವುದು, ತಲೆ ಒಂದು ಕಡೆ ವಾಲಿರುವುದು, ಇವೂ ಸುಳಿವುಗಳು. ನಿಮ್ಮ ತಮ್ಮನ ಹಳೆಯ ಫೋಟೋ ಒಮ್ಮೆ ನೋಡಿ, ಇದ್ದರೂ ಇರಬಹುದು.

ಸ್ಪಾಂಡಿಲೋಸಿಸ್ ಎಂದು ತಿಂಗಳುಗಟ್ಟಲೆ ಹೋದದ್ದಕ್ಕೆ ಬೇಸರ ಪಡಬೇಡಿ. ಬಹಳ ಜನಕ್ಕೆ ಹೀಗೇ ಆಗುತ್ತದೆ. ಕತ್ತಿನ ಎಕ್ಸ್‌ರೇ ತೆಗೆದಾಗ ಮೇಲಿನ ಎರಡು ಮೂಳೆಗಳ ಮೇಲೆ ದವಡೆ, ಹಲ್ಲು, ಬುರುಡೆಯ ನೆರಳೆಲ್ಲ ಬೀಳುತ್ತದೆ. ಕಣ್ಣು ಸುಮ್ನೆ ಕೆಳಗಿನ ಡಿಸ್ಕುಗಳ ಕಡೆ ಹೋಗಿಬಿಡುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬಾಯಿಯಿಂದ ಯಾಕೆ ಬೇಡ?

ನೋಡಲು ಅದು ಬಹಳ ಚೆಂದದ ದಾರಿ. ಬಾಯಿ ಅಗಲ ತೆರೆದು ಕಿರುನಾಲಿಗೆಯನ್ನು ಮೇಲಕ್ಕೆ ಸರಿಸಿದರೆ ಗಂಟಲ ಹಿಂಗೋಡೆ ಕಾಣುತ್ತದೆ. ಅದರ ಮೇಲೆ ಬೆರಳಿಟ್ಟರೆ ಸಿ1ರ ಮುಂದಿನ ಉಬ್ಬು ಬೆರಳಿಗೇ ತಾಕುತ್ತದೆ. ತೆಳುವಾದ ಲೋಳೆಪೊರೆ, ಎರಡು ಬದಿಗೆ ಸರಿಯುವ ಸ್ನಾಯು, ಆಮೇಲೆ ಮೂಳೆ. ನಡುಗೆರೆಯಲ್ಲಿ ರಕ್ತನಾಳವೂ ಹೆಚ್ಚಿಲ್ಲ. ಸಿ1ರ ಮುಂಭಾಗವನ್ನು ಡ್ರಿಲ್ಲಿನಿಂದ ಸವೆಸಿದರೆ ಹಿಂದೆಯೇ ಗೂಟ. ಗೂಟವನ್ನೂ ಸವೆಸಿ ತೆಗೆದರೆ ಬೆನ್ನುಹುರಿಯ ಪೊರೆ ಮುಂದಕ್ಕೆ ಉಬ್ಬಿ ಬಂದು ಮಿಡಿಯುವುದು ಕಾಣುತ್ತದೆ. ನಿಮ್ಮ ಸಂಬಂಧಿಕರ ಕಾಲದಲ್ಲಿ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲೂ ಇದನ್ನೇ ಮಾಡುತ್ತಿದ್ದರು, ಅದು ಸರಿಯಾದ ಚಿಕಿತ್ಸೆಯೇ ಆಗಿತ್ತು.

ತೊಂದರೆ ಎರಡು. ಒಂದು, ಬಾಯಿಯನ್ನು ಎಷ್ಟು ತೊಳೆದರೂ ಕ್ರಿಮಿಗಳು ಇದ್ದೇ ಇರುತ್ತವೆ. ಪೊರೆ ಚೂರು ಹರಿದು ಮೆದುಳಿನ ನೀರು ಬಾಯಿಗೆ ಸೋರಿದರೆ ಅದೇ ದಾರಿಯಲ್ಲಿ ಕ್ರಿಮಿ ಒಳಗೆ ಹೋಗಿ ಮೆನಿಂಜೈಟಿಸ್ ಆಗುತ್ತದೆ. ನಾಲಿಗೆ, ಗಂಟಲು ಊದಿಕೊಂಡು ಕೆಲವರಿಗೆ ಕುತ್ತಿಗೆಯಲ್ಲಿ ಉಸಿರಿಗೆ ತೂತು ಮಾಡಬೇಕಾಗುತ್ತದೆ. ಎಷ್ಟೋ ದಿನ ಮೂಗಿನ ನಳಿಕೆಯಲ್ಲೇ ಊಟ. ಎರಡನೆಯದು ಇನ್ನೂ ಮುಖ್ಯ. ಗೂಟ ತೆಗೆದ ಮಾತ್ರಕ್ಕೆ ಕೀಲು ನಿಲ್ಲುವುದಿಲ್ಲ. ಮೊದಲೇ ಸಡಿಲ, ಈಗ ಗೂಟವೂ ಇಲ್ಲ, ಅದನ್ನು ಹಿಡಿದಿದ್ದ ಪಟ್ಟಿಯೂ ಇಲ್ಲ. ಹಾಗಾಗಿ ಹಿಂದಿನಿಂದ ಇನ್ನೊಂದು ಆಪರೇಷನ್ ಮಾಡಿ ಬಿಗಿಯಲೇಬೇಕು. ನಿಮ್ಮ ಸಂಬಂಧಿಕರನ್ನು ವಿಚಾರಿಸಿ, ಅವರ ಹೆಕ್ಕತ್ತಿನಲ್ಲೂ ಒಂದು ಗಾಯದ ಗುರುತು ಇರುವ ಸಾಧ್ಯತೆಯೇ ಜಾಸ್ತಿ.

ಹೇಗಿದ್ದರೂ ಹಿಂದೆ ಹೋಗಲೇಬೇಕು, ಹಾಗಾದರೆ ಅಲ್ಲಿಂದಲೇ ಪೂರ್ತಿ ಕೆಲಸ ಮುಗಿಸಬಾರದೇಕೆ? ಈ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿದ್ದ ಅತುಲ್ ಗೋಯಲ್. ಮೊದಲೆಲ್ಲ ಹಿಂದಿನಿಂದ ಅಂದರೆ ಸಿ1, ಸಿ2ರ ಹಿಂಭಾಗವನ್ನು ತಂತಿಯಿಂದ ಬಿಗಿಯುವುದು. ಗ್ಯಾಲಿ ಎಂಬವರು 1939ರಲ್ಲಿ ತೋರಿಸಿದ ವಿಧಾನ. ತಂತಿ ಸಡಿಲವಾಗುತ್ತಿತ್ತು, ತುಂಡಾಗುತ್ತಿತ್ತು. ತಿರುಗುವಿಕೆಯನ್ನು ಅದು ಸರಿಯಾಗಿ ತಡೆಯುತ್ತಲೂ ಇರಲಿಲ್ಲ. ಗೋಯಲ್ ಮತ್ತು ಲಹೇರಿ 1994ರಲ್ಲಿ ಬೇರೆ ವಿಧಾನ ಪ್ರಕಟಿಸಿದರು. ನೇರ ಕೀಲಿಗೇ ಹೋಗಿ, ಮೇಲೆ ಸಿ1ರ ಲ್ಯಾಟರಲ್ ಮಾಸಿಗೆ ಒಂದು ಸ್ಕ್ರೂ, ಕೆಳಗೆ ಸಿ2ಗೆ ಒಂದು, ಎರಡನ್ನೂ ಜೋಡಿಸಲು ಪ್ಲೇಟು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಮತ್ತು ಮೆಲ್ಚರ್ ಪ್ಲೇಟಿನ ಬದಲು, ಮೇಲ್ತುದಿ ಬೇಕಾದ ಕಡೆ ವಾಲುವ ಸ್ಕ್ರೂ ಮತ್ತು ರಾಡ್ ಬಳಸಿದರು. ಈಗ ಹೆಚ್ಚಿನ ಕಡೆ ಸಿಗುವುದು ಅದೇ. ಪ್ರಪಂಚದಾದ್ಯಂತ ಇದಕ್ಕೆ ಗೋಯಲ್-ಹಾರ್ಮ್ಸ್ ವಿಧಾನ ಎಂಬ ಹೆಸರಿದೆ.

ನಿಮ್ಮ ತಮ್ಮನಂಥವರಿಗೆ ಬೇಕಾದ ಭಾಗ 2004ರಲ್ಲಿ ಬಂತು. ಕೀಲನ್ನು ತೆರೆದು, ಎರಡು ಮುಖಗಳನ್ನು ನಿಧಾನಕ್ಕೆ ಅಗಲಿಸಿ, ನಡುವೆ ಮೂಳೆಯ ಚೂರು ಮತ್ತು ಸ್ಪೇಸರ್ ಅನ್ನುವ, ಸಂದು ಮುಚ್ಚದಂತೆ ತಡೆಯುವ ಲೋಹದ ತುಂಡು ಇಟ್ಟರೆ ಇಳಿದಿದ್ದ ತಲೆ ಮೇಲಕ್ಕೆ ಏಳುತ್ತದೆ, ಗೂಟ ತೂತಿನಿಂದ ಕೆಳಕ್ಕೆ ಬರುತ್ತದೆ ಎಂದು ಗೋಯಲ್ ತೋರಿಸಿದರು. ಮುಂದೆ ದೆಹಲಿಯ ಏಮ್ಸ್‌ನ ಶರತ್ ಚಂದ್ರ ಇದನ್ನು ಇನ್ನೊಂದು ಹೆಜ್ಜೆ ಒಯ್ದರು. ಸ್ಪೇಸರ್ ಇಟ್ಟು ಕೀಲನ್ನು ಎತ್ತಿದ ಮೇಲೆ ಹಿಂದಿನ ಸ್ಕ್ರೂಗಳನ್ನು ಒಂದಕ್ಕೊಂದು ಹತ್ತಿರ ಎಳೆದರೆ ಸ್ಪೇಸರಿನ ಮೇಲೆ ತಲೆ ಹಿಂದಕ್ಕೆ ಬಾಗಿ, ಗೂಟ ಮುಂದಕ್ಕೂ ಸರಿಯುತ್ತದೆ. ಈ ಜಾಗದ ಆಪರೇಷನ್ನಿನಲ್ಲಿ ಭಾರತದ ವೈದ್ಯರು ಹೊರಗಿನವರಿಗೆ ಕಲಿಸಿದ್ದೇ ಹೆಚ್ಚು ಎಂದರೆ ಉತ್ಪ್ರೇಕ್ಷೆ ಆಗಲಾರದು. ಹುಟ್ಟಿನಿಂದ ಬಂದ ಇಂಥ ತೊಂದರೆಯ ರೋಗಿಗಳು ಇಲ್ಲಿ ಅಷ್ಟು ಬರುತ್ತಾರೆ.

ಮುಂಭಾಗದ ದಾರಿ ಪೂರ್ತಿ ಮುಚ್ಚಿಲ್ಲ. ಕೀಲು ಗಟ್ಟಿಯಾಗಿ ಬೆಸೆದುಹೋಗಿ ಎಷ್ಟು ಎತ್ತಿದರೂ ಗೂಟ ಅಲ್ಲಾಡದಿದ್ದರೆ, ಇಲ್ಲವೇ ಅಲ್ಲೊಂದು ಗಡ್ಡೆ ಇದ್ದರೆ, ಮುಂದಿನಿಂದ ಹೋಗುತ್ತೇವೆ. ಈಗ ಅದಕ್ಕೂ ಬಾಯಿಯೇ ಬೇಕೆಂದಿಲ್ಲ, 2005ರಿಂದೀಚೆಗೆ ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿಯೂ ಗೂಟ ತೆಗೆಯುತ್ತಾರೆ.

ಇನ್ನು ಹಿಂದಿನ ದಾರಿ. ಇದು ಮೇಲ್ನೋಟಕ್ಕೆ ಸುಲಭ, ಆಳಕ್ಕೆ ಹೋದಷ್ಟೂ ಕಷ್ಟ.

ಹೆಕ್ಕತ್ತಿನ ನಡುಮಧ್ಯೆ ಉದ್ದಕ್ಕೆ ಕೊಯ್ದರೆ ಎಡಬಲದ ಸ್ನಾಯುಗಳ ನಡುವೆ ಬಿಳಿಯ ಒಂದು ಗೆರೆ ಸಿಗುತ್ತದೆ. ಅದರಲ್ಲೇ ಇಳಿದರೆ ರಕ್ತ ಬರುವುದು ಬಹಳ ಕಡಿಮೆ. ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ತಪ್ಪಿದರೂ ಸ್ನಾಯು ಕೊಯ್ದು ರಕ್ತ ಒಸರುತ್ತದೆ. ಕಲಿಯುವ ಹುಡುಗರಿಗೆ ನಾವು ಮೊದಲು ಹೇಳುವುದೇ ಇದು, ಬಿಳಿ ಗೆರೆ ಬಿಡಬೇಡಿ. ಕೆಳಗೆ ಸಿ2ರ ದಪ್ಪ ಮುಳ್ಳು ಸಿಗುತ್ತದೆ. ಅದಕ್ಕೆ ಹಿಡಿದಿರುವ ಸ್ನಾಯುಗಳನ್ನು ಆದಷ್ಟು ಉಳಿಸಬೇಕು. ಆಮೇಲೆ ತಲೆ ನೆಟ್ಟಗೆ ಹಿಡಿಯುವುದು ಅವೇ. ಮೇಲೆ, ಆಳದಲ್ಲಿ, ಸಿ1ರ ಹಿಂದಿನ ಕಮಾನು. ನಿಮ್ಮ ತಮ್ಮನಲ್ಲಿ ಅದು ಬುರುಡೆಗೆ ಅಂಟಿರುವುದರಿಂದ ಬೇರೆಯಾಗಿ ಕಾಣದೆಯೂ ಇರಬಹುದು.

ಇಲ್ಲಿಂದ ಪಕ್ಕಕ್ಕೆ ಸರಿಯಬೇಕು. ಈಗ ಆ ರಕ್ತನಾಳದ ವಿಷಯ. ಹೆಸರು ವರ್ಟಿಬ್ರಲ್ ಆರ್ಟರಿ, ಎಡಕ್ಕೊಂದು ಬಲಕ್ಕೊಂದು. ಸಾಮಾನ್ಯವಾಗಿ ಕತ್ತಿನ ಆರನೇ ಮೂಳೆಯ ಪಕ್ಕದ ತೂತಿನಲ್ಲಿ ನುಸುಳಿ, ಒಂದೊಂದೇ ಮೂಳೆ ದಾಟಿಕೊಂಡು ನೇರ ಮೇಲೆ ಬರುತ್ತದೆ. ಸಿ2ರೊಳಗೆ ಬಂದಾಗ ಹೊರಕ್ಕೆ ತಿರುಗುತ್ತದೆ. ಸಿ1ರ ತೂತು ದಾಟಿದ ಮೇಲೆ ತಟ್ಟನೆ ಹಿಂದಕ್ಕೆ ಹೊರಳಿ, ಲ್ಯಾಟರಲ್ ಮಾಸನ್ನು ಬಳಸಿ, ಸಿ1ರ ಕಮಾನಿನ ಮೇಲಿರುವ ಒಂದು ಕಾಲುವೆಯಲ್ಲಿ ಒಳಮುಖವಾಗಿ ಓಡುತ್ತದೆ. ಆಮೇಲೆ ಪೊರೆಯನ್ನು ತೂರಿ ತಲೆಯೊಳಗೆ. ಅಲ್ಲಿ ಎರಡೂ ಸೇರಿ ಒಂದಾಗಿ ಮೆದುಳಿನ ಕಾಂಡ, ಕಿರುಮೆದುಳು, ದೃಷ್ಟಿಯ ಭಾಗಕ್ಕೆ ರಕ್ತ ಕೊಡುತ್ತವೆ. ಇಷ್ಟು ಸುತ್ತಾಟ ಯಾಕೆ? ತಲೆ ತಿರುಗಿಸಿದಾಗ ನಾಳ ಎಳೆದು ಹೋಗಬಾರದು, ಅದಕ್ಕೆ ಸಡಿಲು ಬೇಕು.

ಎಲ್ಲರಲ್ಲೂ ಹೀಗೇ ಇದ್ದರೆ ನಮ್ಮ ಕೆಲಸ ಸುಲಭ. ಸಿ1ರ ಕಮಾನಿನ ಹಿಂಬದಿಯಲ್ಲಿ ನಡುಗೆರೆಯಿಂದ ಒಂದೂವರೆ ಸೆಂಟಿಮೀಟರ್ ದಾಟಬೇಡಿ, ಮೇಲಿನ ಅಂಚಿನಲ್ಲಿ ಒಂದು ಸೆಂಟಿಮೀಟರ್ ದಾಟಬೇಡಿ. ಇದು ಹಳೆಯ ನಿಯಮ, ಮಾಮೂಲಿ ಕತ್ತಿಗೆ ಒಳ್ಳೆಯ ನಿಯಮ. ಆದರೆ ಮೂಳೆ ಹುಟ್ಟಿನಿಂದ ಬೇರೆ ಥರ ಇದ್ದವರಲ್ಲಿ ನಾಳವೂ ಬೇರೆ ಥರ ಹೋಗಿರುತ್ತದೆ. ಸಿ1 ಬುರುಡೆಗೆ ಅಂಟಿದವರಲ್ಲಿ ನಾಳ ಕೆಲವೊಮ್ಮೆ ಸಿ1ರ ಮೇಲೆ ಹೋಗುವ ಬದಲು ಕೆಳಗಿನಿಂದಲೇ, ಅಂದರೆ ಸರಿಯಾಗಿ ಸಿ1-ಸಿ2 ಕೀಲಿನ ಹಿಂಭಾಗದ ಮೇಲೆ ಹಾದು ಒಳಗೆ ಹೋಗುತ್ತದೆ. ನಾವು ತೆರೆಯಬೇಕಾದ ಕೀಲು ಅದೇ! ಗೊತ್ತಿಲ್ಲದೆ ಡ್ರಿಲ್ ಇಟ್ಟರೆ ಏನಾಗುತ್ತದೆ ಹೇಳಬೇಕಾಗಿಲ್ಲ. ಗೊತ್ತಿದ್ದರೆ ನಾಳವನ್ನು ಬಿಡಿಸಿ, ಮೆಲ್ಲಗೆ ಮೇಲಕ್ಕೋ ಕೆಳಕ್ಕೋ ಸರಿಸಿಕೊಂಡು ಕೆಲಸ ಮಾಡಬಹುದು.

ಇನ್ನೊಂದು ಬಲೆ ಇದೆ. ಕೆಲವರಲ್ಲಿ ಸಿ1ರ ಕಾಲುವೆಯ ಮೇಲೆ ಮೂಳೆಯ ಪುಟ್ಟ ಸೇತುವೆ ಬೆಳೆದಿರುತ್ತದೆ. ಎಕ್ಸ್‌ರೇಯಲ್ಲೂ ಆಪರೇಷನ್ನಿನಲ್ಲೂ ಕಮಾನು ದಪ್ಪಗಿದೆ ಅನ್ನಿಸುತ್ತದೆ. ದಪ್ಪಗಿದೆಯಲ್ಲ ಎಂದು ಅಲ್ಲಿ ಸ್ಕ್ರೂ ಇಳಿಸಿದರೆ ಅದು ಹೋಗುವುದು ನಾಳದೊಳಕ್ಕೆ.

ಸಿ2ರಲ್ಲಿ ಕಾಣುವುದು ಮತ್ತೊಂದು ಥರ. ನಾಳದ ಕುಣಿಕೆ ಕೆಲವರಲ್ಲಿ ತೀರಾ ಮೇಲಕ್ಕೂ ಒಳಕ್ಕೂ ಬಂದು ಸಿ2ರ ಮೂಳೆಯನ್ನು ಒಳಗಿನಿಂದ ಕೊರೆದಿರುತ್ತದೆ. ನಮ್ಮ ಸ್ಕ್ರೂ 3.5 ಮಿ.ಮೀ. ದಪ್ಪ. ಮೂಳೆಯ ದಾರಿ ಅದಕ್ಕಿಂತ ಕಿರಿದಾಗಿದ್ದರೆ ಅಲ್ಲಿ ಉದ್ದನೆಯ ಸ್ಕ್ರೂ ಆಗುವುದಿಲ್ಲ. ಆಗ ನಾಳಕ್ಕೆ ಮುಂಚೆಯೇ ನಿಲ್ಲುವ ಗಿಡ್ಡ ಸ್ಕ್ರೂ ಹಾಕುತ್ತೇವೆ, ಇಲ್ಲವೇ ಸಿ2ರ ಹಿಂದಿನ ತಟ್ಟೆಯ ಮೂಳೆಯೊಳಗೇ ಅಡ್ಡಲಾಗಿ ಸ್ಕ್ರೂ ಕೂರಿಸುತ್ತೇವೆ. ಅದೂ ಆಗದಿದ್ದರೆ ಬುರುಡೆಗೂ ಕೆಳಗಿನ ಮೂಳೆಗೂ ಸೇರಿಸಿ ಬಿಗಿಯುತ್ತೇವೆ. ಇದೆಲ್ಲ ಆಪರೇಷನ್ ಟೇಬಲ್ಲಿನ ಹತ್ತಿರ ನಿಂತು ತೀರ್ಮಾನಿಸುವ ವಿಷಯ ಅಲ್ಲವೇ ಅಲ್ಲ. ಹಿಂದಿನ ದಿನವೇ ಕಂಪ್ಯೂಟರಿನ ಮುಂದೆ ಕೂತು, ಎಡ ಬಲ ಬೇರೆ ಬೇರೆಯಾಗಿ, ಯಾವ ಸ್ಕ್ರೂ, ಎಷ್ಟು ಉದ್ದ, ಯಾವ ಕೋನ ಎಂದು ಬರೆದಿಟ್ಟುಕೊಳ್ಳಬೇಕು. ನನ್ನ ಮಟ್ಟಿಗೆ ಈ ಆಪರೇಷನ್ ಮುಕ್ಕಾಲು ಪಾಲು ಮುಗಿಯುವುದು ಅಲ್ಲೇ.

ನಿಮಗೆ ಬರೆದುಕೊಟ್ಟಿರುವ ಸಿ.ಟಿ. ಆಂಜಿಯೋಗ್ರಾಂ ಇದಕ್ಕಾಗಿ. ಕೈಯ ರಕ್ತನಾಳಕ್ಕೆ ಡೈ ಕೊಟ್ಟು ತೆಳ್ಳನೆಯ ಪದರಗಳಲ್ಲಿ ಸ್ಕ್ಯಾನ್ ಮಾಡುತ್ತಾರೆ. ಮೂಳೆ, ನಾಳ ಎರಡೂ ಒಟ್ಟಿಗೆ ಕಾಣುತ್ತವೆ. ಹೃದಯದ ಆಂಜಿಯೋಗ್ರಾಂ ಥರ ತೊಡೆಯಿಂದಲೋ ಮಣಿಕಟ್ಟಿನಿಂದಲೋ ನಳಿಕೆ ತೂರಿಸುವುದಿಲ್ಲ. ಮೊದಲು ಕಿಡ್ನಿಯ ರಕ್ತಪರೀಕ್ಷೆ ಮಾಡುತ್ತಾರೆ, ಡೈ ಅಲರ್ಜಿ ಇದ್ದರೆ ಹೇಳಬೇಕು, ಅಷ್ಟೇ. ಇದರಲ್ಲಿ ಇನ್ನೊಂದು ವಿಷಯವೂ ತಿಳಿಯುತ್ತದೆ. ಎಷ್ಟೋ ಜನರಲ್ಲಿ ಒಂದು ಕಡೆಯ ನಾಳ ದೊಡ್ಡದು, ಇನ್ನೊಂದು ಸಣ್ಣದು. ದೊಡ್ಡದಕ್ಕೆ ಪೆಟ್ಟಾದರೆ ಸಣ್ಣದು ಒಂದೇ ನಿಭಾಯಿಸಲಾರದೆ ಸ್ಟ್ರೋಕ್ ಆಗಬಹುದು. ಆದ್ದರಿಂದ ಒಂದು ಪಕ್ಕದಲ್ಲಿ ನಾಳಕ್ಕೆ ಪೆಟ್ಟಾಗಿದೆ ಅನ್ನಿಸಿದರೆ ಇನ್ನೊಂದು ಪಕ್ಕದಲ್ಲಿ ಅಪಾಯದ ಸ್ಕ್ರೂಗೆ ಕೈ ಹಾಕುವುದಿಲ್ಲ.

ಕೀಲಿನ ಹಿಂದೆಯೇ ಅಡ್ಡ ನಿಂತಿರುವ ಇನ್ನೊಂದು ವಸ್ತು ಕತ್ತಿನ ಎರಡನೇ ನರದ ಗಂಟು. ಅದರ ಸುತ್ತ ಅಭಿಧಮನಿಗಳ ದಟ್ಟ ಬಲೆ. ತಾಕಿದರೆ ಸಾಕು, ಕಪ್ಪು ರಕ್ತ ಉಕ್ಕಿ ಬಂದು ಏನೂ ಕಾಣದಂತಾಗುತ್ತದೆ. ಕಾಣದಿದ್ದಾಗ ಸುಟ್ಟು ನಿಲ್ಲಿಸಲು ಹೋಗಬಾರದು. ರಕ್ತ ಹೆಪ್ಪುಗಟ್ಟಿಸುವ ಹತ್ತಿ ಇಟ್ಟು ಒತ್ತಿ, ಆ ಕಡೆ ಬಿಟ್ಟು ಇನ್ನೊಂದು ಪಕ್ಕದ ಕೆಲಸ ಶುರು ಮಾಡಬೇಕು. ಸ್ವಲ್ಪ ಹೊತ್ತಿನಲ್ಲಿ ತಾನೇ ನಿಲ್ಲುತ್ತದೆ. ಈ ಜಾಗದಲ್ಲಿ ತಾಳ್ಮೆಗಿಂತ ದೊಡ್ಡ ಉಪಕರಣ ನಾನು ನೋಡಿಲ್ಲ. ಕೀಲು ಚೆನ್ನಾಗಿ ಕಾಣಬೇಕೆಂದರೆ ಆ ನರವನ್ನು ಕೆಳಕ್ಕೆ ಎಳೆದು ಹಿಡಿಯಬೇಕು, ಅಥವಾ ಕತ್ತರಿಸಬೇಕು. ಕತ್ತರಿಸಿದರೆ ತಲೆಯ ಹಿಂಭಾಗದಲ್ಲಿ ಸ್ಪರ್ಶ ಹೋಗುತ್ತದೆ. ಬಾಚುವಾಗ ಬಾಚಣಿಗೆ ತಾಗಿದ್ದು ಗೊತ್ತಾಗುವುದಿಲ್ಲ. ಹೆಚ್ಚಿನವರು ಕೆಲವು ತಿಂಗಳಲ್ಲಿ ಒಗ್ಗಿಕೊಳ್ಳುತ್ತಾರೆ. ಆದರೂ ನಿಮ್ಮ ತಮ್ಮನಿಗೆ ಇದನ್ನು ಮೊದಲೇ ಹೇಳಿಟ್ಟಿರಿ, ಎಚ್ಚರ ಬಂದ ಮೇಲೆ ಲಕ್ವ ಅಂತ ಗಾಬರಿಯಾಗುವುದು ಬೇಡ.

ಸ್ಕ್ರೂ ಮುಂದಕ್ಕೆ ಹೆಚ್ಚು ಉದ್ದವಾದರೂ ಕಷ್ಟ. ಸಿ1ರ ಲ್ಯಾಟರಲ್ ಮಾಸಿನ ಮುಂದೆಯೇ ನಾಲಿಗೆ ಆಡಿಸುವ ನರವೂ ಮೆದುಳಿನ ದೊಡ್ಡ ನಾಳವಾದ ಕ್ಯಾರೋಟಿಡ್ಡೂ ಇಳಿಯುತ್ತವೆ. ಒಳಗೆ ಬೆನ್ನುಹುರಿ, ಹೊರಗೆ ವರ್ಟಿಬ್ರಲ್ ಆರ್ಟರಿ, ಮುಂದೆ ಕ್ಯಾರೋಟಿಡ್. ಈ ಮೂರರ ನಡುವಿನ ಮೂಳೆಯಲ್ಲಿ ಸ್ಕ್ರೂ ಸ್ವಲ್ಪ ಒಳಮುಖವಾಗಿ ಹೋಗಬೇಕು. ಸ್ಕ್ರೂಗೆ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರ, ಆಪರೇಷನ್ ಮಧ್ಯೆಯೇ ತೆಗೆಯುವ ಸ್ಕ್ಯಾನ್, ರೋಗಿಯ ಸಿ.ಟಿ.ಯಿಂದ ಅಚ್ಚು ಹಾಕಿದ ಪ್ಲಾಸ್ಟಿಕ್ ಮಾದರಿ, ಇವೆಲ್ಲ ಈಗ ಸಹಾಯಕ್ಕಿವೆ. ಇದ್ದರೆ ಒಳ್ಳೆಯದು. ಆದರೆ ಯಂತ್ರ ಇದೆಯಾ ಅಂತ ಕೇಳುವ ಮೊದಲು ಈ ತಂಡ ಇಂಥ ಆಪರೇಷನ್ ಎಷ್ಟು ಸಲ ಮಾಡಿದೆ ಅಂತ ಕೇಳಿ.

ಕೊಯ್ಯುವುದಕ್ಕೂ ಮುಂಚೆ ಅಪಾಯದ ಎರಡು ಗಳಿಗೆಗಳಿವೆ, ಮನೆಯವರಿಗೆ ಇದು ಕಾಣುವುದೇ ಇಲ್ಲ. ಉಸಿರಿನ ನಳಿಕೆ ಹಾಕಲು ಮಾಮೂಲಾಗಿ ಕತ್ತನ್ನು ಹಿಂದಕ್ಕೆ ಬಗ್ಗಿಸುತ್ತಾರೆ. ಇಲ್ಲಿ ಕತ್ತು ಅಲುಗಿಸಬಾರದು. ಅದಕ್ಕೆ ಅರಿವಳಿಕೆ ತಜ್ಞರು ಕ್ಯಾಮೆರಾ ಇರುವ ಸಣ್ಣ ಕೊಳವೆಯಿಂದ, ಎಷ್ಟೋ ಸಲ ರೋಗಿ ಎಚ್ಚರವಿರುವಾಗಲೇ, ನಳಿಕೆ ಇಳಿಸುತ್ತಾರೆ. ಇನ್ನೊಂದು, ನಿದ್ದೆ ಬರಿಸಿದ ಮೇಲೆ ಮೈಯನ್ನು ಬೋರಲು ತಿರುಗಿಸುವುದು. ಸ್ನಾಯುಗಳೆಲ್ಲ ಸಡಿಲವಾಗಿರುವ ಹೊತ್ತು ಅದು. ತಲೆಯನ್ನು ಹಿಡಿಯುವವರು ಒಬ್ಬರೇ, ಅವರು ಹೇಳಿದಾಗಲೇ ಉಳಿದವರು ತಿರುಗಿಸಬೇಕು. ತಿರುಗಿಸಿದ ಮೇಲೆ ಬೆನ್ನುಹುರಿಯ ಸಂಕೇತಗಳು ಮೊದಲಿನಂತೆಯೇ ಓಡುತ್ತಿವೆಯೇ ಎಂದು ಮಾನಿಟರಿನಲ್ಲಿ ನೋಡಿಕೊಂಡು ಮುಂದುವರಿಯುತ್ತೇವೆ.

ಕತ್ತು ತಿರುಗುತ್ತದಾ ಎಂದು ಕೇಳಿದಿರಿ. ಸಿ1-ಸಿ2 ಬೆಸೆದರೆ ಅಲ್ಲಿನ ತಿರುಗುವಿಕೆ ಹೋಗುತ್ತದೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಮಾಮೂಲಿ ಕತ್ತಿನವರಿಗೆ ಹೀಗೆ ಮಾಡಿದರೆ ಅರ್ಧದಷ್ಟು ಕಡಿಮೆ ಅನ್ನಿಸುತ್ತದೆ. ನಿಮ್ಮ ತಮ್ಮನ ಕೀಲು ಜಾರಿ ಕೂತಿರುವುದರಿಂದ ಈಗಾಗಲೇ ಎಷ್ಟೋ ಕಳೆದುಕೊಂಡಿರುತ್ತಾನೆ, ಆಪರೇಷನ್ನಿನಿಂದ ಹೊಸದಾಗಿ ಹೋಗುವುದು ಅವನಿಗೆ ಅಷ್ಟು ಗೊತ್ತಾಗಲಿಕ್ಕಿಲ್ಲ. ಬೈಕ್ ಓಡಿಸುವಾಗ ಹಿಂದೆ ನೋಡಲು ಭುಜ ಸಮೇತ ತಿರುಗಬೇಕಾಗುತ್ತದೆ, ಎರಡೂ ಕನ್ನಡಿ ಬೇಕೇ ಬೇಕು. ಊಟ, ಕಂಪ್ಯೂಟರ್ ಕೆಲಸ, ಮಾತುಕತೆಗೆ ಏನೂ ತೊಂದರೆ ಇಲ್ಲ.

ಸ್ಕ್ರೂ ಮತ್ತು ರಾಡ್ ತಾತ್ಕಾಲಿಕ ಆಸರೆ. ಕೀಲಿನಲ್ಲಿ ತುಂಬಿದ ಮೂಳೆ, ಹೆಚ್ಚಾಗಿ ಸೊಂಟದಿಂದ ತೆಗೆದದ್ದು, ಬೆಸೆದುಕೊಂಡರೆ ಮಾತ್ರ ಕೆಲಸ ಪೂರ್ತಿಯಾಯಿತು. ಅದಕ್ಕೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಡಾಕ್ಟರು ಹೇಳಿದಷ್ಟು ದಿನ ಕಾಲರ್. ಬೀಡಿ, ಸಿಗರೇಟು ಇದ್ದರೆ ಇವತ್ತೇ ನಿಲ್ಲಿಸಲಿ, ಮೂಳೆ ಬೆಸೆಯದಿರಲು ಅದು ದೊಡ್ಡ ಕಾರಣ. ಸುಧಾರಣೆಯ ಬಗ್ಗೆ ನಾನು ರೋಗಿಗಳಿಗೆ ಹೇಳುವುದು ಇಷ್ಟು: ಮೊದಲ ಗುರಿ ಇನ್ನೂ ಹದಗೆಡದಂತೆ ನಿಲ್ಲಿಸುವುದು. ನಡಿಗೆ, ಬಿಗಿತ, ಜೋಮು ಹಲವರಲ್ಲಿ ಸುಧಾರಿಸುತ್ತವೆ. ಸೊರಗಿಹೋದ ಅಂಗೈ ಸ್ನಾಯು ವಾಪಸು ತುಂಬಿಕೊಳ್ಳುವುದು ಕಷ್ಟ. ಆದ್ದರಿಂದಲೇ ಕಾಯಬೇಡಿ ಎನ್ನುವುದು. ಇವತ್ತೋ ನಾಳೆಯೋ ಎಂಬ ಅವಸರವೂ ಅಲ್ಲ, ಆದರೆ ಮುಂದಿನ ವರ್ಷ ನೋಡೋಣ ಎಂದು ದೂಡುವಂಥದ್ದಂತೂ ಅಲ್ಲ.

ಅಲ್ಲಿಯವರೆಗೆ ಕೆಲವು ಕಟ್ಟುನಿಟ್ಟು. ಕಟಿಂಗ್ ಶಾಪಿನಲ್ಲಿ ಕತ್ತು ತಿರುಗಿಸಿ ಲಟಕ್ ಅನ್ನಿಸುವುದು ಬೇಡವೇ ಬೇಡ. ಚೆನ್ನಾಗಿರುವ ಕತ್ತಿನಲ್ಲೇ ಅದರಿಂದ ವರ್ಟಿಬ್ರಲ್ ಆರ್ಟರಿಯ ಒಳಪದರ ಹರಿದು ಸ್ಟ್ರೋಕ್ ಆಗಬಹುದು. ಕತ್ತಿಗೆ ತೂಕ ಕಟ್ಟಿ ಎಳೆಯುವ ಫಿಸಿಯೋಥೆರಪಿ ನಿಲ್ಲಿಸಿ. ಎಣ್ಣೆ ಹಾಕಿ ನೀವಿಸುವುದೂ ಬೇಡ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಮಾಡುತ್ತಿದ್ದರೆ ಬಿಡಬೇಕು. ತಲೆಯ ಮೇಲೆ ಮೂಟೆ, ಸಿಲಿಂಡರ್ ಹೊರಬಾರದು. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದಾದರೆ ಗಟ್ಟಿ ಕಾಲರ್ ಹಾಕಿಕೊಳ್ಳಲಿ, ಹಿಂದಿನ ಸೀಟು ಬೇಡ. ನೀರು ಕುಡಿಯುವಾಗ ನೆತ್ತಿಗೇರುವುದು, ಧ್ವನಿ ಬದಲಾಗುವುದು, ಮಲಗಿದಾಗ ಉಸಿರು ಕಟ್ಟುವುದು, ಬಿದ್ದ ಮೇಲೆ ಕೈಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟ್ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಎಲ್ಲಿ ಮಾಡಿಸಬೇಕು ಎನ್ನುವುದು ನಿಮ್ಮ ಅನುಕೂಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ರೋಗಿಗಳು ಬರುತ್ತಲೇ ಇರುತ್ತಾರೆ. ದೊಡ್ಡ ನ್ಯೂರೋಸರ್ಜರಿ ವಿಭಾಗ ಇರುವ ಬೇರೆ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ದಾಖಲಾಗುವ ಮುಂಚೆಯೇ ವಿಚಾರಿಸಿಕೊಳ್ಳಿ. ಡಾಕ್ಟರ ಹತ್ತಿರ ಕೂತಾಗ ಮೂರು ಪ್ರಶ್ನೆ ಕೇಳಿ: ಕತ್ತು ಬಗ್ಗಿಸಿ, ಎತ್ತಿ ತೆಗೆದ ಚಿತ್ರಗಳಲ್ಲಿ ಗೂಟ ಅಲ್ಲಾಡುತ್ತದಾ? ಎಡ ಬಲದ ನಾಳಗಳಲ್ಲಿ ಯಾವುದು ದೊಡ್ಡದು, ಕೀಲಿನ ಮೇಲೆ ಯಾವುದಾದರೂ ಹಾಯುತ್ತಿದೆಯಾ? ಅಂದುಕೊಂಡ ಸ್ಕ್ರೂ ಹಾಕಲಾಗದಿದ್ದರೆ ಮುಂದೇನು? ಯೋಚಿಸಿ ಇಟ್ಟುಕೊಂಡವರು ಮೂರಕ್ಕೂ ತಕ್ಷಣ ಉತ್ತರ ಕೊಡುತ್ತಾರೆ, ಸ್ಕ್ರೀನಿನ ಮೇಲೆ ತೋರಿಸಿಯೂ ಕೊಡುತ್ತಾರೆ. ಹೋಗುವಾಗ ಸ್ಕ್ಯಾನಿನ ಸಿ.ಡಿ. ಅಥವಾ ಪೆನ್‌ಡ್ರೈವ್ ಒಯ್ಯಿರಿ. ಫಿಲ್ಮಿನಲ್ಲಿ ಬರುವುದು ಆಯ್ದ ಕೆಲವೇ ಚಿತ್ರ, ನಾಳದ ದಾರಿಯನ್ನು ಅದರಲ್ಲಿ ಹಿಡಿಯಲು ಆಗುವುದಿಲ್ಲ. ಸಿ.ಡಿ. ಕೊಟ್ಟಿಲ್ಲದಿದ್ದರೆ ಸ್ಕ್ಯಾನ್ ಸೆಂಟರಿಗೆ ಹೋಗಿ ಕೇಳಿ ಪಡೆಯಿರಿ.